ಸೀಟಿನಡಿಯ ತೆಂಗಿನಕಾಯಿ

ಚಲುವಯ್ಯ ಮಗಳಿಗೆ ಹಾಕಿದ ಷರತ್ತು ಒಂದೇ. ಕಾರಿನ ಓಟದ ದಿನ ಬೆಳಿಗ್ಗೆ ಕಾರುಗಳನ್ನು ತಪಾಸಣೆ ಮಾಡುತ್ತಾರಲ್ಲ, ಅದರಲ್ಲಿ ಯಾವುದಾದರೂ ಒಂದು ಸರಿಯಿಲ್ಲವೆಂದು ವಾಪಸ್ಸು ಬಂದರೂ ಅಲ್ಲಿಂದ ಹಾಗೆಯೇ ಮನೆಗೆ ತಿರುಗಬೇಕು. ಕಾರನ್ನು ಮಾರಿಬಿಡಬೇಕು. ಆಮೇಲೆ ಓಟದ ಸುದ್ದಿ ಆ ಮನೆಯಲ್ಲಿ ಏಳಕೂಡದು.

"ಒಪ್ಕೊಂಡೆ," ಎಂದಳು ರಮ್ಯ. ಹಸುವಿಗೆ ಹಿಂಡಿ ಕಲಸುತ್ತಿದ್ದವಳು ಕೈಯನ್ನೂ ತೊಳೆಯಲಿಲ್ಲ.

"ಯೋಚ್ನೆ ಮಾಡಿ ಒಪ್ಕೊ ಕಣವ್ವ."

"ನೀನು ಯೋಚ್ನೆ ಮಾಡೇ ಹಾಕ್ದೆ ತಾನೆ? ನಾನೂ ಮಾಡೇ ಒಪ್ಕೊಂಡೆ ಬುಡು."

ಬೆಳಗೊಳದಲ್ಲಿ ಚಲುವಯ್ಯ ಮಾತಿಗೆ ನಿಲ್ಲುವ ಮನುಷ್ಯನೆಂದು ಹೆಸರು. ಹಸು ಮಾರುವೆನೆಂದು ಬಾಯಿತಪ್ಪಿ ಹೇಳಿದ್ದಕ್ಕೆ, ಹಾಲು ಕರೆಯುವ ಹಸುವನ್ನು ಕಣ್ಣೀರು ಹಾಕಿಕೊಂಡು ಹೊಡೆದುಕೊಂಡು ಹೋಗಿ ಕೊಟ್ಟವನು ಅವನು. ಆದ್ದರಿಂದ ಈ ಷರತ್ತು ಬರಿಯ ಬೆದರಿಕೆಯಲ್ಲವೆಂದು ರಮ್ಯಳಿಗೂ ಗೊತ್ತಿತ್ತು, ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಅವಳ ತಾಯಿ ಪಾರ್ವತಮ್ಮನಿಗೂ ಗೊತ್ತಿತ್ತು.

ಕಾರು ಬೂದು ಬಣ್ಣದ ಒಂದು ಹಳೆಯ ಪದ್ಮಿನಿ. ಅದನ್ನು ಕೊಂಡು ತಂದವನು ರಮ್ಯಳ ಅಣ್ಣ ದಿಲೀಪ. ತಂಗಿಗೆ ನಾಲೆಯ ಏರಿಯ ಮೇಲೆ ಓಡಿಸಲು ಕಲಿಸಿದವನೂ ಅವನೇ. ಮೈಸೂರಿನ ಒಂದು ಮೋಟಾರು ಸಂಘದವರು ಪ್ರತಿವರ್ಷ ಸುಗ್ಗಿ ಮುಗಿದ ಮೇಲೆ ನಾಗಮಂಗಲದ ಆಚೆಯ ಬಯಲಿನಲ್ಲಿ ಕಾರಿನ ಓಟ ನಡೆಸುತ್ತಿದ್ದರು. ಸ್ವಂತ ಕಾರಿದ್ದವರು ಯಾರು ಬೇಕಾದರೂ ಸೇರಬಹುದಾಗಿತ್ತು. ಆ ಓಟದಲ್ಲಿ ಒಮ್ಮೆ ಓಡಿಸಬೇಕೆಂಬುದು ದಿಲೀಪನ ಆಸೆ. ಆಸೆ ಕೈಗೂಡುವ ಮೊದಲೇ, ಸಿಂಧಘಟ್ಟದ ಸೋದರತ್ತೆ ಬೈರಮ್ಮನ ಮನೆಗೆ ಹೋಗಿ ಬರುವಾಗ, ಕೃಷ್ಣರಾಜಪೇಟೆಯ ರಸ್ತೆಯಲ್ಲಿ ಎಮ್ಮೆಯೊಂದು ಅಡ್ಡ ಬಂದಿತು. ಕಾರು ಹುಣಿಸೆಮರಕ್ಕೆ ಒರಸಿಕೊಂಡು ನಿಂತಿತು. ಕಾರಿಗೆ ಹೋದದ್ದು ಒಂದು ಬಾಗಿಲು. ಅಂಗಿ ಸುಕ್ಕಾಗುವುದೆಂದು ಬೆಲ್ಟನ್ನು ಸೀಟಿನ ಹಿಂದೆ ತುರುಕಿದ್ದ ದಿಲೀಪ ಆ ಬಾಗಿಲಿನಿಂದಲೇ ಹೊರಗೆ ಬಿದ್ದು ಅಲ್ಲೇ ತೀರಿಕೊಂಡಿದ್ದ.

ಅದಾಗಿ ಎರಡು ವರ್ಷ. ಆ ದಿನದಿಂದ ಚಲುವಯ್ಯ ಆ ರಸ್ತೆಗೆ ಕಾಲಿಟ್ಟಿರಲಿಲ್ಲ. ತನ್ನ ತಂಗಿ ಬೈರಮ್ಮನ ಮನೆಯಲ್ಲಿ ಮದುವೆಯಾದಾಗಲೂ ಊರು ಸುತ್ತಿಕೊಂಡು ಇನ್ನೊಂದು ದಾರಿಯಲ್ಲಿ ಹೋಗಿ ಬಂದಿದ್ದ.

ಕಾರನ್ನು ಗುಜರಿಗೆ ಹಾಕಿ ಎಂದು ಹೇಳದವರಿಲ್ಲ. ರಮ್ಯ ಅದನ್ನು ಪಾಂಡವಪುರದ ಪುಟ್ಟರಾಜುವಿನ ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ ಬಾಗಿಲು ಹಾಕಿಸಿದಳು. ಪುಟ್ಟರಾಜು ದೂರದ ನೆಂಟ, ಚಲುವಯ್ಯನಿಗೆ ತಮ್ಮನಾಗಬೇಕು. ಕೈ ಎಷ್ಟು ಚುರುಕೋ ನಾಲಗೆಯೂ ಅಷ್ಟೇ ಚುರುಕು.

ಷರತ್ತು ಹಾಕಿದವನು ಮನೆಯಲ್ಲಿ ಕುಳಿತಿರಬಹುದಾಗಿತ್ತು. ಆದರೆ ಚಲುವಯ್ಯನಿಗೆ ಕೂತಲ್ಲಿ ಕೂರಲಾಗಲಿಲ್ಲ. ದಿನವೂ ಡೇರಿಗೆ ಹಾಲು ಹಾಕಿ, ಸ್ನಾನ ಮುಗಿಸಿ, ಹಣೆಗೆ ನಾಮವಿಟ್ಟು, ಪಾಂಡವಪುರದ ಬಸ್ಸು ಹತ್ತುವನು. ಗ್ಯಾರೇಜಿನ ಬಾಗಿಲಲ್ಲಿ ಟೈರಿನ ಮೇಲೆ ಕುಳಿತು ಒಂದೊಂದು ಬೋಲ್ಟನ್ನೂ ನೋಡುವನು.

"ನೀನು ಇಂಗೆ ಗುರಾಯಿಸ್ಕಂಡು ಕೂತ್ರೆ ವೆಲ್ಡಿಂಗ್ ಕಡ್ಡಿಗೂ ನಡುಕ ಬತ್ತದೆ ಕಣಣ್ಣೋ," ಎನ್ನುವನು ಪುಟ್ಟರಾಜು.

"ನೆಟ್ಟಗೆ ಮಾಡ್ಲಾ. ನಡುಕ ಆಮೇಲೆ ಬರ್ಲಿ."

ಕಾರು ಮಗುಚಿದರೆ ಛಾವಣಿ ಕುಸಿಯದಂತೆ ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಕೂರಿಸಿದರು. ಬ್ಯಾಟರಿ ಅಲುಗದಂತೆ ಪಟ್ಟಿ ಬಿಗಿದರು. ಕೂತಲ್ಲಿಂದಲೇ ಕರೆಂಟು ಆರಿಸಲು ಒಂದು ಸ್ವಿಚ್ಚು, ಎಳೆಯಲು ಮುಂದೊಂದು ಹಿಂದೊಂದು ಕೊಕ್ಕೆ, ಡ್ರೈವರ ಕೈಗೆಟಕುವಂತೆ ಬೆಂಕಿ ಆರಿಸುವ ಕೆಂಪು ಸಿಲಿಂಡರು. ಪಾರ್ವತಮ್ಮ ಒಂದು ದಿನ ಬಂದು ಪಂಜರವನ್ನು ನೋಡಿ, "ನನ್ ಮಗಳ್ನ ಕೋಳಿ ಮಾಡ್ಬುಟ್ರಲ್ಲಪ್ಪ," ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಯಾರಿಗೂ ತಿಳಿಯಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಚಲುವಯ್ಯನ ಮನಸ್ಸು ನಿಂತದ್ದು ಬೆಲ್ಟಿನ ಮೇಲೆ. ಹೆಗಲ ಮೇಲಿಂದ ಎರಡು, ಸೊಂಟದ ಅಕ್ಕಪಕ್ಕದಿಂದ ಎರಡು, ನಾಲ್ಕು ಪಟ್ಟಿಗಳು ಎದೆಯ ಕೆಳಗೆ ಬಂದು ಒಂದೇ ಬೀಗಕ್ಕೆ ಸೇರುತ್ತಿದ್ದವು. ಪುಟ್ಟರಾಜು ಅವನ್ನು ಕಾರಿನ ತಳಕ್ಕೆ ಬೋಲ್ಟು ಹಾಕಿ ಬಿಗಿದು, "ಆಯ್ತು," ಎಂದ.

"ಆಯ್ತು ಅಂದ್ರೆ ಆಯ್ತದಾ? ಹೊಸಾ ಹೋರಿ ಕತ್ತಿಗೆ ಜತ್ತಿಗೆ ಹಗ್ಗ ಕಟ್ಟಿದ್ಮೇಲೆ ಜಗ್ಗಿ ನೋಡಕಿಲ್ವಾ?"

ಚಲುವಯ್ಯ ಮಾರನೆಯ ದಿನ ಮನೆಯಿಂದ ಭತ್ತದ ಮೂಟೆಯೊಂದನ್ನು ಹೊರಿಸಿಕೊಂಡು ಬಂದ. ಅದನ್ನು ಡ್ರೈವರ ಸೀಟಿನಲ್ಲಿ ಮನುಷ್ಯನಂತೆ ಕೂರಿಸಿ, ನಾಲ್ಕು ಪಟ್ಟಿಯನ್ನೂ ಬಿಗಿದು, ಮೂಟೆಗೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಮುಂದಿನ ಗಾಜಿಲ್ಲದ ಚೌಕಟ್ಟಿನಿಂದ ಹೊರಗೆ ತಂದು ಟ್ರಾಕ್ಟರಿಗೆ ಕಟ್ಟಿಸಿದ. ಬೀದಿಯ ಜನವೆಲ್ಲ ಸೇರಿತು. ಟ್ರಾಕ್ಟರು ಒಮ್ಮೆ ಜಗ್ಗಿದ್ದೇ ತಡ, ಸೊಂಟದ ಪಟ್ಟಿಯ ಬೋಲ್ಟು ತುಕ್ಕು ತಿಂದಿದ್ದ ತಗಡನ್ನು ಹರಿದುಕೊಂಡು ಮೇಲೆ ಬಂದಿತು. ಮೂಟೆ ಮುಗ್ಗರಿಸಿ ಸ್ಟೇರಿಂಗಿನ ಮೇಲೆ ಬಿದ್ದು ಒಡೆದು, ಭತ್ತ ಕಾರಿನ ತುಂಬ ಚೆಲ್ಲಿತು.

ಯಾರೂ ನಗಲಿಲ್ಲ. ಚಲುವಯ್ಯ ಬಾಗಿಲು ತೆರೆದು, ಚೆಲ್ಲಿದ ಭತ್ತವನ್ನು ಹಿಡಿಹಿಡಿಯಾಗಿ ಪಂಚೆಯ ಮಡಿಲಿಗೆ ತುಂಬಿಕೊಳ್ಳತೊಡಗಿದ.

ಪುಟ್ಟರಾಜು ಆ ತಗಡನ್ನೆಲ್ಲ ಕತ್ತರಿಸಿ ತೆಗೆದು, ಅಂಗೈ ಅಗಲದ ದಪ್ಪ ಉಕ್ಕಿನ ತಟ್ಟೆಗಳನ್ನು ತಳದಡಿಯಲ್ಲಿ ಬೆಸೆದು, ಅದರ ಮೂಲಕ ಬೋಲ್ಟು ಬಿಗಿದ. ಮತ್ತೆ ಮೂಟೆ, ಮತ್ತೆ ಟ್ರಾಕ್ಟರು. ಈ ಸಲ ಹರಿದದ್ದು ಹಗ್ಗ. ಮೂಟೆ ಕೂತಲ್ಲೇ ಕೂತಿತ್ತು.

"ಈಗ ಆಯ್ತಾ ಅಣ್ಣೋ?"

"ಈಗ ಆಯ್ತು," ಎಂದ ಚಲುವಯ್ಯ. ಅಂದಿನಿಂದ ಅವನಿಗೊಂದು ಹೊಸ ಸಂಕಟ ಹತ್ತಿತು. ಕಾರು ತಪಾಸಣೆಯಲ್ಲಿ ಗೆಲ್ಲಲೆಂದು ಹಗಲೆಲ್ಲ ದುಡಿಯುವನು. ದೇವರ ಮುಂದೆ ದೀಪ ಹಚ್ಚುವಾಗ, ಏನೋ ಒಂದು ಸಣ್ಣದು ತಪ್ಪಿ ಮಗಳು ಮನೆಗೆ ಹಿಂತಿರುಗಲೆಂದು ಮನಸ್ಸು ಅಡಗಿ ಬೇಡುವುದು. ಎರಡನ್ನೂ ಬೇಡುವ ಭಕ್ತನಿಗೆ ದೇವರು ಯಾವುದನ್ನು ಕೊಟ್ಟಾನು?

ಓಟದ ದಿನ ಭಾನುವಾರ. ಬೆಳಕು ಹರಿಯುವಷ್ಟರಲ್ಲಿ ಪಾರ್ವತಮ್ಮ ಮಗಳ ಜಡೆ ಹೆಣೆದು, ಸುರುಳಿ ಸುತ್ತಿ, ಪಿನ್ನು ಚುಚ್ಚಿ ಬಿಗಿದಳು. ರಮ್ಯ ಹೆಲ್ಮೆಟ್ಟು ಹಾಕಿ ನೋಡಿ, "ಸಡ್ಲ ಇಲ್ಲ ಕಣವ್ವ, ಸರ್ಯಾಗಿ ಕೂತ್ಕತು," ಎಂದಳು.

"ಒಂದೆಳೆ ಹೂವಾದ್ರೂ ಮುಡ್ಕಳೆ."

"ಎಲ್ಮೆಟ್ಟೊಳಗೆ ಯಾರಿಗವ್ವ ಹೂವ ತೋರ್ಸನ?"

"ಅಂಗಾರೆ ಓಡಾದ್ ಮುಗುದ್ಮೇಲೆ ಮುಡ್ಕೊ. ನಾನೂ ಬತ್ತೀನಿ, ಕೈಲಿ ಇಟ್ಕಂಡಿರ್ತೀನಿ." ಹೀಗೆ ಯಾರೂ ಕರೆಯದೆ ಪಾರ್ವತಮ್ಮನೂ ಹೊರಟಳು.

ಮೊದಲು ಗಂಜಾಮಿಗೆ ಹೋಗಿ ನಿಮಿಷಾಂಬೆಯ ದರ್ಶನ ಮಾಡಿದರು. ಪುಟ್ಟರಾಜು ತನ್ನ ಮೆಟಡಾರು ವ್ಯಾನಿನಲ್ಲಿ ಅಲ್ಲಿಗೇ ಬಂದಿದ್ದ. ಕಾವೇರಿ ಮಂಜಿನಡಿಯಲ್ಲಿ ಸದ್ದಿಲ್ಲದೆ ಹರಿಯುತ್ತಿದ್ದಳು. ಚಲುವಯ್ಯ ಕೈ ಮುಗಿದು ನಿಂತ. ತಾಯಿಯ ಮುಂದೆ ಎರಡು ನಾಲಗೆ ಬೇಡವೆಂದು, ಗೆಲುವನ್ನೂ ಕೇಳದೆ, ಸೋಲನ್ನೂ ಕೇಳದೆ, "ಇವಳನ್ನ ಹುಷಾರಾಗಿ ವಾಪಸ್ ಕೊಡು," ಎಂದಷ್ಟೇ ಬೇಡಿದ. ಅರ್ಚಕರು ಪೂಜೆ ಮಾಡಿದ ಇಡೀ ತೆಂಗಿನಕಾಯಿಯೊಂದನ್ನು ಕೈಗಿತ್ತರು.

ಪೂಜೆಯ ಕಾಯಿಯನ್ನು ಒಡೆಯದೆ ಹಳದಿ ಬಟ್ಟೆಯಲ್ಲಿ ಕಟ್ಟಿ ಗಾಡಿಯಲ್ಲಿಟ್ಟರೆ ಅದು ರಕ್ಷೆ. ಚಲುವಯ್ಯನ ಅಪ್ಪನ ಕಾಲದ ಎತ್ತಿನ ಗಾಡಿಯಿಂದಲೂ ಆ ಮನೆಯಲ್ಲಿ ನಡೆದು ಬಂದ ಪದ್ಧತಿ ಅದು. ದಿಲೀಪ ಮಾತ್ರ ನಕ್ಕು ಬೇಡವೆಂದಿದ್ದ. ರಮ್ಯಳೂ ಪಾರ್ವತಮ್ಮನೂ ಹೊಳೆಯ ಮೆಟ್ಟಲಲ್ಲಿ ಕಾಲು ತೊಳೆಯುತ್ತಿದ್ದಾಗ ಚಲುವಯ್ಯ ಕಾರಿನ ಬಳಿ ಹೋದ. ಕಾಯಿಯನ್ನು ಹಳದಿ ವಸ್ತ್ರದಲ್ಲಿ ಸುತ್ತಿ, ಡ್ರೈವರ ಸೀಟಿನಡಿಗೆ ಕೈ ಹಾಕಿ, ಎರಡು ಕಬ್ಬಿಣದ ಪಟ್ಟಿಗಳ ನಡುವೆ ಗಟ್ಟಿಯಾಗಿ ಸಿಕ್ಕಿಸಿದ. ಯಾರಿಗೂ ಹೇಳಲಿಲ್ಲ.

ಬಯಲಿನಲ್ಲಿ ಆಗಲೇ ಕಾರುಗಳು ಸಾಲು ನಿಂತಿದ್ದವು. ಸುಣ್ಣದ ಗೆರೆ, ಮರಳಿನ ಮೂಟೆ, ಹಳೆಯ ಟೈರುಗಳಿಂದ ಓಟದ ದಾರಿ ಗುರುತು ಮಾಡಿದ್ದರು. ತಪಾಸಣೆ ಮಾಡುವವರು ಅಶೋಕ್ ಎಂಬ ಹಿರಿಯರು, ಮೈಸೂರಿನವರು. ತಲೆಗೆ ಬಿಳಿ ಟೋಪಿ, ಕೈಯಲ್ಲಿ ಸೀಮೆಸುಣ್ಣ. ಸರಿಯಿದ್ದ ವಸ್ತುವಿಗೆ ಸುಣ್ಣದಲ್ಲಿ ಒಂದು ಗೀಟೆಳೆದು ಮುಂದೆ ಹೋಗುವರು. ಸರಿಯಿಲ್ಲದಿದ್ದರೆ ಮಾತೇ ಇಲ್ಲ, ಕೈ ಬೀಸಿ ಹೊರಗೆ ತೋರಿಸುವರು. ಇವರ ಮುಂದಿದ್ದ ಹೊಚ್ಚ ಹೊಸ ಕಾರೊಂದು ಬ್ಯಾಟರಿ ಅಲುಗುತ್ತದೆಂದು ಹೊರಗೆ ಹೋಯಿತು.

ಅಶೋಕರು ಪಂಜರ ಹಿಡಿದು ಅಲ್ಲಾಡಿಸಿದರು. ಗೀಟು. ಬ್ಯಾಟರಿ, ಸ್ವಿಚ್ಚು, ಕೊಕ್ಕೆ, ಸಿಲಿಂಡರು, ಎಲ್ಲಕ್ಕೂ ಗೀಟು. ನೆಲದ ಮೇಲೆ ಅಂಗಾತ ಮಲಗಿ ಬೆಲ್ಟಿನ ತಳದ ಉಕ್ಕಿನ ತಟ್ಟೆಗಳನ್ನು ನೋಡಿದವರು ಎದ್ದು ಧೂಳು ಕೊಡವಿಕೊಂಡು, "ಇದನ್ನ ಯಾರು ಮಾಡಿದ್ದು?" ಎಂದರು.

"ನಾನೇ ಸಾರ್," ಎಂದ ಪುಟ್ಟರಾಜು ಎದೆಯುಬ್ಬಿಸಿ. "ಮಾಡ್ಸಿದ್ದು ಒಂದು ಭತ್ತದ ಮೂಟೆ."

ಅಶೋಕರಿಗೆ ಅರ್ಥವಾಗಲಿಲ್ಲ. ಬೆಲ್ಟಿಗೂ ಗೀಟೆಳೆದರು. ರಮ್ಯ ಹೆಲ್ಮೆಟ್ಟು ಧರಿಸಿ, ಸೀಟನ್ನು ಮುಂದಕ್ಕೆ ಸರಿಸಿಕೊಂಡು, ನಾಲ್ಕು ಪಟ್ಟಿ ಬಿಗಿದು ಕುಳಿತಳು.

"ಕಾರಿನೊಳಗೆ ಸಡಿಲವಾದ ಸಾಮಾನು ಏನಾದರೂ ಇದೆಯೇನಮ್ಮ? ಸ್ಪ್ಯಾನರು, ನೀರಿನ ಬಾಟಲಿ?"

"ಏನೂ ಇಲ್ಲ ಸಾರ್. ನಾನೇ ಎಲ್ಲ ತೆಗ್ದಿದ್ದೀನಿ."

ಚಲುವಯ್ಯ ಆ ಮಾತು ಕೇಳಿದ. ಬಾಯಿ ತೆರೆದ. ಕಾಯಿ ಸಾಮಾನಲ್ಲ, ರಕ್ಷೆ ಎಂದು ತನಗೆ ತಾನೇ ಹೇಳಿಕೊಂಡು ಬಾಯಿ ಮುಚ್ಚಿದ.

ಉಳಿದದ್ದು ಬ್ರೇಕು. ದೂರದ ಕಲ್ಲಿನ ಹತ್ತಿರದಿಂದ ವೇಗವಾಗಿ ಬಂದು, ಅಶೋಕರು ಕೈಯೆತ್ತಿದಾಗ ನಿಲ್ಲಿಸಬೇಕು. ರಮ್ಯ ಬಂದಳು. ಅವರು ಕೈಯೆತ್ತಿದರು. ಕಾರಿನ ಮೂಗು ಒಮ್ಮೆ ಬಗ್ಗಿತು, ಆದರೆ ಕಾರು ನಿಲ್ಲಲಿಲ್ಲ. ಅದೇ ವೇಗದಲ್ಲಿ ಮುಂದೆ ಬಂದಿತು. ಯಾರೋ ಕೂಗಿದರು. ಅಶೋಕರು ಪಕ್ಕಕ್ಕೆ ಹಾರಿದರು. ರಮ್ಯ ಕೈಬ್ರೇಕನ್ನು ಎಳೆದಳು. ಕಾರು ಅಡ್ಡ ತಿರುಗಿ, ಕೆಂಪು ಧೂಳೆಬ್ಬಿಸಿ, ತಪಾಸಣೆಯ ಮೇಜಿಗೆ ಮಾರು ದೂರದಲ್ಲಿ ನಿಂತಿತು.

ಧೂಳು ಇಳಿದಾಗ ಅವಳು ಬೆಲ್ಟು ಬಿಚ್ಚಿ, ಕಾಲಿನ ಬಳಿ ಬಗ್ಗಿ, ಬ್ರೇಕಿನ ಪೆಡಲಿನ ಹಿಂದೆ ಸಿಕ್ಕಿಕೊಂಡಿದ್ದ ಹಳದಿ ಗಂಟೊಂದನ್ನು ಎತ್ತಿ ಹಿಡಿದಳು. ಅವಳು ಸೀಟು ಸರಿಸಿದಾಗ ಸಡಿಲಾಗಿದ್ದ ಕಾಯಿ, ಕಾರಿನ ಮೂಗು ಬಗ್ಗಿದ ಕೂಡಲೇ ಮುಂದಕ್ಕೆ ಉರುಳಿ, ಅವಳು ಕಾಲೆತ್ತಿ ಮತ್ತೆ ಒತ್ತುವಷ್ಟರಲ್ಲಿ ಪೆಡಲಿನ ಹಿಂದೆ ಸೇರಿತ್ತು.

"ಯಾರು ಇಟ್ಟದ್ದು ಇದನ್ನ?" ಅಶೋಕರ ದನಿ ಬಿರುಸಾಗಿತ್ತು.

ರಮ್ಯ ಆ ಬಟ್ಟೆಯನ್ನು ನೋಡಿದಳು. ಅದು ಯಾರ ಕೈಯ ಗಂಟೆಂದು ತಿಳಿಯಲು ಅವಳಿಗೆ ಎರಡನೆಯ ಸಲ ನೋಡಬೇಕಾಗಿರಲಿಲ್ಲ.

"ನಾನೇ ಸಾರ್. ಮರ್ತ್ಬುಟ್ಟಿದ್ದೆ."

"ಅವ್ಳಲ್ಲ ಸ್ವಾಮಿ." ಚಲುವಯ್ಯ ಜನವನ್ನು ಸರಿಸಿಕೊಂಡು ಮುಂದೆ ಬಂದ. "ಮಡಗ್ದೋನು ನಾನು. ಅವಳ್ಗೆ ಗೊತ್ತೇ ಇಲ್ಲ. ನೀವು ಕೇಳ್ದಾಗ್ಲೂ ಬಾಯ್ ಮುಚ್ಕಂಡ್ ನಿಂತಿದ್ದೆ."

"ಯಜಮಾನ್ರೇ, ಇದು ಓಟದ ನಡುವೆ ಉರುಳಿದ್ದರೆ..."

"ಗೊತ್ತು ಸ್ವಾಮಿ. ನೀವು ಆ ಮಾತ ಪೂರ್ತಿ ಆಡ್ಬೇಡಿ."

ಅಶೋಕರು ಆಡಲಿಲ್ಲ. ಕೈ ಬೀಸಿ ಹೊರಗೆ ತೋರಿಸಿದರು.

ಕಾರನ್ನು ತಳ್ಳಿಕೊಂಡು ಬಂದು ಬೇಲಿಯ ಪಕ್ಕ ನಿಲ್ಲಿಸಿದರು. ರಮ್ಯ ಹೆಲ್ಮೆಟ್ಟನ್ನು ಬಾನೆಟ್ಟಿನ ಮೇಲಿಟ್ಟು, ಕಣ್ಣು ಒರೆಸಿಕೊಳ್ಳದೆ, ತಂದೆಯನ್ನು ನೇರವಾಗಿ ನೋಡಿ ಹೇಳಿದಳು: "ವಾಪಸ್ ಬಂತಲ್ಲಪ್ಪ. ಮಾತು ಮಾತೇ. ನಡಿ, ಮನೆಗೆ ಓಗವಾ."

ಪುಟ್ಟರಾಜುವಿಗೆ ತಡೆಯಲಾಗಲಿಲ್ಲ. "ಏನಣ್ಣ ಇದು? ಮೂರು ತಿಂಗಳು ನನ್ ಪ್ರಾಣ ತಿಂದು ಈಗ ನೀನೇ ಕಲ್ ಹಾಕ್ಬುಟ್ಯಲ್ಲೋ!"

ಚಲುವಯ್ಯ ಅಡಗಿ ಬೇಡಿದ್ದು ಕೈಗೆ ಬಂದಿತ್ತು. ಮಗಳು ಮನೆಗೆ ಬರುವಳು, ಕಾರು ಮಾರಿ ಹೋಗುವುದು, ಅವನ ಮಾತೂ ಉಳಿಯುವುದು. ಅದನ್ನು ಕೊಟ್ಟದ್ದು ನಿಮಿಷಾಂಬೆ ತಾಯಿಯಲ್ಲ, ತನ್ನ ಕೈಯೇ ಎಂದು ಅವನಿಗೆ ಕಂಡಿತು. ಹೆದರಿ ಬಚ್ಚಿಟ್ಟ ಕಾಯಿ ಮಗಳ ಕಾಲಡಿಗೇ ಉರುಳಿತ್ತು. ಅವಳು ಅದನ್ನು ತನ್ನ ಮೇಲೆ ಹಾಕಿಕೊಂಡು ನಿಂತಿದ್ದಳು, ಅವನ ಮಾತನ್ನು ಅವನಿಗಿಂತ ಚೆನ್ನಾಗಿ ಉಳಿಸಲು.

ಅವನು ಹಳದಿ ಗಂಟನ್ನು ಬಿಚ್ಚಿದ. ಬೇಲಿಯ ಬಳಿ ಬಂಡೆಯೊಂದಿತ್ತು. ಕಾಯಿಯನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆತ್ತಿ, ಬೇರೇನೂ ಬೇಡದೆ ಬಂಡೆಗೆ ಅಪ್ಪಳಿಸಿದ. ಕಾಯಿಯ ನೀರು ಕಾರಿನ ಗಾಲಿಗೆ ಸಿಡಿಯಿತು. ಒಳಗೆ ಮಲ್ಲಿಗೆಯಂತೆ ಬೆಳ್ಳಗಿತ್ತು ಕಾಯಿ.

"ವಾಪಸ್ ಬಂದಿದ್ದು ನನ್ ಕಾಯಿ ಕಣವ್ವ, ನಿನ್ ಕಾರಲ್ಲ," ಎಂದ. "ಷರತ್ತು ಹಾಕ್ದೋನು ನಾನು, ಒಡೆಯೋನೂ ನಾನೇ. ಮಾತ್ ತಪ್ದ ಅಂತ ಊರೋರು ಆಡ್ಕಳ್ಳಿ. ನೀನು ಎಲ್ಮೆಟ್ಟು ಹಾಕ್ಕೊ."

ಪಾರ್ವತಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. "ಇವತ್ತು ಒಂದೊಳ್ಳೆ ಮಾತಾಡುದ್ರಿ," ಎಂದಳು ಮೆಲ್ಲಗೆ.

ಚಲುವಯ್ಯ ಕಾಯಿಯ ಒಂದು ಹೋಳನ್ನು ಮಾತ್ರ ಮತ್ತೆ ಬಟ್ಟೆಯಲ್ಲಿ ಸುತ್ತಿ ಹೆಂಡತಿಯ ಕೈಗೆ ಕೊಟ್ಟು, ಉಳಿದದ್ದನ್ನು ಅಂಗೈಯಲ್ಲಿಟ್ಟುಕೊಂಡು ಅಶೋಕರ ಬಳಿ ಹೋದ. "ಸ್ವಾಮಿ, ಇನ್ನೊಂದ್ ಸಲ ನೋಡ್ಬೇಕು. ಎಷ್ಟೊತ್ತಾದ್ರೂ ಕಾಯ್ತೀವಿ."

"ಸಾಲಿನ ಕೊನೆಗೆ ನಿಲ್ಲಿ. ಮೊದಲಿಂದ ನೋಡ್ತೀನಿ, ಯಾವುದನ್ನೂ ಬಿಡೋದಿಲ್ಲ," ಎಂದರು ಅಶೋಕರು. ಆಮೇಲೆ ಕಾಯಿಚೂರನ್ನು ನೋಡಿ, "ಇದು ಲಂಚ ಅಲ್ಲ ತಾನೆ?"

"ಪ್ರಸಾದ ಸ್ವಾಮಿ. ಲಂಚ ಕೊಡಾಕೆ ಇನ್ನೂ ದೊಡ್ಡ ಕಾಯಿ ಬೇಕು."

ಅಶೋಕರು ಮೊದಲ ಬಾರಿಗೆ ನಕ್ಕು, ಚೂರನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು.

ಸಾಲಿನ ಕೊನೆಯಲ್ಲಿ ಬಿಸಿಲೇರುವವರೆಗೆ ನಿಂತರು. ಅಶೋಕರು ಹೇಳಿದಂತೆಯೇ ಎಲ್ಲವನ್ನೂ ಮೊದಲಿಂದ ಮುಟ್ಟಿ ನೋಡಿದರು. ಸೀಟಿನಡಿಗೆ ಎರಡು ಸಲ ಕೈ ಹಾಕಿದರು. ಕೈಯೆತ್ತಿದಾಗ ಈ ಬಾರಿ ಕಾರು ಗೂಟಕ್ಕೆ ಕಟ್ಟಿದಂತೆ ನಿಂತಿತು. ಬಾನೆಟ್ಟಿನ ಮೇಲೆ ಸುಣ್ಣದ ಗೀಟು ಬಿದ್ದಿತು.

ಹಳೆಯ ಕಾರುಗಳ ವರ್ಗದಲ್ಲಿ ಇದ್ದದ್ದು ನಾಲ್ಕೇ ಕಾರು. ಒಂದೊಂದಾಗಿ ಬಿಟ್ಟು ಗಡಿಯಾರ ಹಿಡಿದು ನೋಡುವರು. ರಮ್ಯಳದು ಕೊನೆಯ ಸರದಿ. ಬಾವುಟ ಇಳಿದದ್ದೇ ಬೂದು ಕಾರು ಬಿಲ್ಲಿನಿಂದ ಬಿಟ್ಟ ಬಾಣದಂತೆ ಹೋಯಿತು. ಮೊದಲ ತಿರುವಿನಲ್ಲಿ ಧೂಳು ಅದನ್ನು ನುಂಗಿತು, ಎರಡನೆಯದರಲ್ಲಿ ಉಗುಳಿತು. ನಾಲೆಯ ಏರಿಯ ಮೇಲೆ ದಿಲೀಪ ತಿರುಗಿಸುತ್ತಿದ್ದ ಹಾಗೆಯೇ, ತಿರುವಿಗೆ ಮೊದಲೇ ಬ್ರೇಕು ಒತ್ತಿ ತಿರುವಿನಲ್ಲಿ ಬಿಡುತ್ತಿದ್ದಳು. ಚಲುವಯ್ಯನಿಗೆ ಅದು ಗುರುತು ಸಿಕ್ಕಿತು. ನಿಂತಲ್ಲಿ ಕೈ ಮುಗಿದ.

ಕೊನೆಯ ಸುತ್ತಿನ ದೊಡ್ಡ ತಿರುವಿನಲ್ಲಿ ಗಾಲಿ ಮರಳಿನ ಮೂಟೆಯೊಂದನ್ನು ಹತ್ತಿತು. ಕಾರು ಒಂದು ಪಕ್ಕಕ್ಕೆ ಎದ್ದು, ಎರಡೇ ಗಾಲಿಯ ಮೇಲೆ ಓಡಿತು. ಪಾರ್ವತಮ್ಮ ಗಂಡನ ತೋಳನ್ನು ಹಿಡಿದಳು. ಬಾಗಿಲಿನ ಗಾಜಿನಲ್ಲಿ ಆಕಾಶ ಹೊಳೆಯಿತು. ಚಲುವಯ್ಯ ಕಣ್ಣು ಮುಚ್ಚಲಿಲ್ಲ. ನಾಲ್ಕು ಪಟ್ಟಿಯ ನಡುವೆ ಮಗಳು ಕಲ್ಲಿನಲ್ಲಿ ಕಡೆದಂತೆ ಕೂತಿದ್ದುದನ್ನು ನೋಡಿದ. ಹೆಗಲು ಸರಿಯಲಿಲ್ಲ, ಸ್ಟೇರಿಂಗಿನ ಮೇಲಿನ ಕೈ ಬಿಡಲಿಲ್ಲ. ಕಾರು ಧೊಪ್ಪನೆ ನಾಲ್ಕೂ ಗಾಲಿಯ ಮೇಲೆ ಕೂತಿತು, ಕೂತದ್ದೇ ಕಿರುಚಿಕೊಂಡು ಸುಣ್ಣದ ಗೆರೆಯನ್ನು ದಾಟಿತು.

"ಹಿಡ್ಕತು ಕಣ್ಲಾ! ಬೆಲ್ಟು ಹಿಡ್ಕತು ಕಣ್ಲಾ ಪುಟ್ರಾಜ!" ಎಂದು ಚಲುವಯ್ಯ ಕೂಗಿದ ಕೂಗಿಗೆ ಬೇಲಿಯ ಮೇಲಿನ ಕಾಗೆಗಳು ಹಾರಿದವು. ಎರಡು ವರ್ಷದಿಂದ ಅವನ ಗಂಟಲಿನಿಂದ ಅಂಥ ದನಿ ಹೊರಟಿರಲಿಲ್ಲ. ಪುಟ್ಟರಾಜು ಅವನನ್ನು ಸೊಂಟ ಹಿಡಿದು ಎತ್ತಿ, "ಮೂಟೆಗೆ ಜೈ!" ಎಂದು ಕುಣಿದ.

ಧ್ವನಿವರ್ಧಕದಲ್ಲಿ ಹೆಸರು ಕೂಗಿದರು. ನಾಲ್ಕರಲ್ಲಿ ಮೊದಲನೆಯವಳು, ಬೆಳಗೊಳದ ರಮ್ಯ. ಹಿತ್ತಾಳೆಯ ಸಣ್ಣ ಬಟ್ಟಲು ಕೊಟ್ಟರು. ಪಾರ್ವತಮ್ಮ ಬೆಳಗಿನಿಂದ ಒದ್ದೆ ಬಟ್ಟೆಯಲ್ಲಿ ಕಾಪಾಡಿದ್ದ ಹೂವನ್ನು, ಬೆವರಿನಿಂದ ಅಂಟಿಕೊಂಡಿದ್ದ ಆ ಜಡೆಗೆ ಮುಡಿಸಿದಳು.

"ನಾಕೇ ಕಾರು ಕಣಪ್ಪ, ಅಷ್ಟೊಂದು ಕೂಗಿದ್ಯಲ್ಲ," ಎಂದು ರಮ್ಯ ನಕ್ಕಳು.

"ನಾಕಿರ್ಲಿ ನಾನೂರಿರ್ಲಿ. ನಾನು ಕೂಗಿದ್ದು ಅದಕ್ಕಲ್ಲ."

ಹೊರಡುವಾಗ ಚಲುವಯ್ಯ ಪಕ್ಕದ ಸೀಟಿನಲ್ಲಿ ಕುಳಿತು, ಬೆಲ್ಟನ್ನು ತಾನೇ ಎಳೆದು ಬೀಗಕ್ಕೆ ಸಿಕ್ಕಿಸಿ, ಒಮ್ಮೆ ಜಗ್ಗಿ ನೋಡಿದ. ಬೂದು ಕಾರು ಮುಂದೆ, ಪಾರ್ವತಮ್ಮ ಕುಳಿತಿದ್ದ ಮೆಟಡಾರು ಹಿಂದೆ. ದಾರಿ ಕವಲೊಡೆಯುವಲ್ಲಿ ರಮ್ಯ ಎಂದಿನಂತೆ ಪಾಂಡವಪುರದ ಕಡೆಗೆ ತಿರುಗಿಸಹೊರಟಳು.

"ಕೃಷ್ಣರಾಜಪೇಟೆ ಮೇಲೆ ಓಗವ್ವ."

ರಮ್ಯ ಕಾರು ನಿಲ್ಲಿಸಿ ತಂದೆಯ ಮುಖ ನೋಡಿದಳು.

"ಸುತ್ತಾಯ್ತದಪ್ಪ."

"ಆಗ್ಲಿ. ಎರಡು ವರ್ಷದಿಂದ ಸುತ್ತಾಡಿದ್ದೇ ಹೆಚ್ಚಾಯ್ತು."

ಹುಣಿಸೆಮರ ಅಲ್ಲಿಯೇ ಇತ್ತು. ಬೊಡ್ಡೆಯ ಮೇಲೆ ಕಾರು ಒರಸಿದ್ದ ಗುರುತಿಗೆ ಹೊಸ ತೊಗಟೆ ಬಂದಿತ್ತು. ಹಿಂದಿನಿಂದ ಬಂದ ಮೆಟಡಾರೂ ನಿಂತಿತು. ಪಾರ್ವತಮ್ಮ ಇಳಿದು ಬಂದು, ಏನೂ ಕೇಳದೆ, ಹಳದಿ ಬಟ್ಟೆಯಲ್ಲಿದ್ದ ಕಾಯಿಯ ಹೋಳನ್ನು ಗಂಡನ ಕೈಗಿತ್ತಳು. ಅವನು ಅದನ್ನು ಮರದ ಬುಡದಲ್ಲಿಟ್ಟು, ಹಿತ್ತಾಳೆಯ ಬಟ್ಟಲನ್ನು ಪಕ್ಕದಲ್ಲಿ ನಿಲ್ಲಿಸಿದ.

"ನೋಡ್ಕಳ್ಲಾ ಮಗ," ಎಂದ. "ನಿನ್ ತಂಗಿ ಗೆದ್ಲು. ನಿನ್ ಕಾರಲ್ಲೇ."

ಆಮೇಲೆ ಚಲುವಯ್ಯ ಬಟ್ಟಲನ್ನು ಎತ್ತಿ ಹೆಂಡತಿಯ ಕೈಗೆ ಕೊಟ್ಟು, ಕಾರು ಹತ್ತಿ, ಬೆಲ್ಟು ಬಿಗಿದುಕೊಂಡ.

"ಹಾರನ್ ಒಡಿಯವ್ವ," ಎಂದ, "ಗಟ್ಟಿಯಾಗಿ ಒಡಿ."

ರಮ್ಯ ಊರು ಕೇಳುವಂತೆ ಹಾರನ್ನು ಒತ್ತಿದಳು. ಹಿಂದಿನಿಂದ ಪುಟ್ಟರಾಜುವಿನ ಮೆಟಡಾರೂ ದನಿಗೂಡಿಸಿತು. ಕಬ್ಬಿನ ಗದ್ದೆಯಲ್ಲಿ ಬಗ್ಗಿದ್ದವರು ಮದುವೆಯ ದಿಬ್ಬಣವೇನೋ ಎಂದು ಎದ್ದು ನಿಂತು ನೋಡಿದರು.